ಸರದಾರನ ವಿಲೇವಾರಿ

ಪಟ್ಟಣ ಪಂಚಾಯತಿಯ ನಾಮನಿರ್ದೇಶಿತ ಸದಸ್ಯನಿಗೆ ಏನೇನು ಅಧಿಕಾರವಿದೆ ಎಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳುತ್ತೇನೆ: ಸಭೆಗೆ ಬರಬಹುದು, ಕುರ್ಚಿಯಲ್ಲಿ ಕೂಡಬಹುದು, ಚಹಾ ಬಂದರೆ ಕುಡಿಯಬಹುದು. ಮತ ಹಾಕುವಂತಿಲ್ಲ. ಇದು ನನ್ನ ಊಹೆಯಲ್ಲ. ಕಾಯ್ದೆ ಪುಸ್ತಕದ ಆ ಪುಟಗಳನ್ನು ಜೆರಾಕ್ಸ್ ಮಾಡಿದವನು ನಾನೇ. ಹಿರೇಮುಗಳಿ ಪಟ್ಟಣ ಪಂಚಾಯತಿ ಕಚೇರಿಯ ಎದುರಿಗೇ ನನ್ನ ಅಂಗಡಿ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗುವ ಬಸ್ಸು ನಿಲ್ಲುವುದೂ ಅಲ್ಲಿಯೇ. ಹೀಗಾಗಿ ಊರಲ್ಲಿ ನಡೆದದ್ದೆಲ್ಲ ನನಗೆ ಬೇಕೋ ಬೇಡವೋ ಗೊತ್ತಾಗುತ್ತದೆ.

ಪುಟಗಳನ್ನು ಜೆರಾಕ್ಸ್ ಮಾಡಿಸಿದವನು ನಿಜಲಿಂಗಪ್ಪ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಗೋಣಿಚೀಲ ಹೊಲಿಸಿ ಕಳಿಸುವ ವ್ಯಾಪಾರಿ. ಒಳ್ಳೆಯವನು. ಇದಕ್ಕಿಂತ ಹೆಚ್ಚಿನ ಹೊಗಳಿಕೆ ನನ್ನ ಬಾಯಲ್ಲಿ ಬರುವುದಿಲ್ಲ. ಮೂರನೆಯ ನಾಮನಿರ್ದೇಶನದ ಕುರ್ಚಿಗಾಗಿ ಇಬ್ಬರು ದೊಡ್ಡ ಮನುಷ್ಯರು ಒಂದು ವರ್ಷ ಕಿತ್ತಾಡಿದರು. ನಿನಗೂ ಬೇಡ ನನಗೂ ಬೇಡ ಎನ್ನುವ ಹಂತಕ್ಕೆ ಬಂದಾಗ ಇಬ್ಬರಿಗೂ ಬೇಡವಾದ ಮನುಷ್ಯನೊಬ್ಬ ಬೇಕಾಗಿತ್ತು. ಹಾಗೆ ಇವನಿಗೆ ಸಿಕ್ಕಿತು. ಸಿಕ್ಕ ವಾರವೇ ಹಾವೇರಿಗೆ ಹೋಗಿ ಯಾರಿಂದಲೋ ಕಾಯ್ದೆ ಪುಸ್ತಕ ಎರವಲು ತಂದ. ‘ಅಧಿಕಾರಗಳು ಮತ್ತು ಕರ್ತವ್ಯಗಳು’ ಎನ್ನುವ ಅಧ್ಯಾಯವನ್ನು ಪೂರ್ತಿ ಜೆರಾಕ್ಸ್ ಮಾಡಿಸಿ, ಬೈಂಡ್ ಹಾಕಿಸಿ, ಬಗಲಲ್ಲಿ ಇಟ್ಟುಕೊಂಡು ತಿರುಗತೊಡಗಿದ.

ಆ ಪುಸ್ತಕದಲ್ಲಿ ಕರ್ತವ್ಯಗಳು ಎರಡು ಥರ. ಮಾಡಲೇಬೇಕಾದವು, ಮನಸ್ಸಾದರೆ ಮಾಡಬಹುದಾದವು. ಮಾಡಲೇಬೇಕಾದವುಗಳ ತಲೆಯ ಮೇಲೆ ‘ಕಡ್ಡಾಯ’ ಎಂದು ಅಚ್ಚಾಗಿತ್ತು. ನಿಜಲಿಂಗಪ್ಪ ಅದರ ಕೆಳಗೆ ಕೆಂಪು ಗೆರೆ ಎಳೆದ. ಅವತ್ತಿನಿಂದ ಅವನ ಬಾಯಲ್ಲಿ ಅದೊಂದೇ ಮಾತು. ಬೀದಿ ದೀಪ ಆರಿದರೆ, "ಕಡ್ಡಾಯ ಐತಿ, ಹಚ್ಚಲೇಬೇಕು." ಗಟಾರ ತುಂಬಿದರೆ, "ಕಡ್ಡಾಯ ಐತಿ, ತಗೀಲೇಬೇಕು." ದೀಪ ಹತ್ತಲಿಲ್ಲ, ಗಟಾರ ತೆಗೆಯಲಿಲ್ಲ. ಆದರೆ ಯಾರೂ ಅಲ್ಲವೆನ್ನಲೂ ಇಲ್ಲವಲ್ಲ! ಅಷ್ಟರಲ್ಲೇ ಅವನಿಗೆ ತನ್ನ ಮಾತು ನಡೆಯುತ್ತದೆ ಎಂಬ ಭ್ರಮೆ ಹಿಡಿಯಿತು.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ಏಳನೇ ವಾರ್ಡಿನಲ್ಲಿ ಸರದಾರ ತೀರಿಕೊಂಡ.

ಸರದಾರ ಎಂದರೆ ಇಸಾಕಸಾಬನ ಹೋರಿ. ನಮ್ಮ ಹಾವೇರಿ ಸೀಮೆಯಲ್ಲಿ ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ ಕೊಬ್ಬರಿ ಮಾಲೆ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಮೈಮೇಲೆ ಬಿದ್ದು ಕೊಬ್ಬರಿ ಹರಿದುಕೊಂಡವನು ಗಂಡು. ಹರಿಯಗೊಡದೆ ದಾಟಿದ ಹೋರಿ ಅವನಪ್ಪನಂಥ ಗಂಡು. ಸರದಾರನ ಕೊರಳಿನ ಕೊಬ್ಬರಿಯನ್ನು ಹನ್ನೊಂದು ದೀಪಾವಳಿ ಯಾರೂ ಮುಟ್ಟಲಿಲ್ಲ. ರಾಣೆಬೆನ್ನೂರಿನಲ್ಲಿ ಅವನ ಚಿತ್ರದ ಅಂಗಿ ಹಾಕಿಕೊಂಡು ತಿರುಗುವವರಿದ್ದರು. ಅಖಾಡದಲ್ಲಿ ಅಷ್ಟೊಂದು ಅಬ್ಬರಿಸುವ ಪ್ರಾಣಿ ಮನೆಯಲ್ಲಿ ಇಸಾಕಸಾಬನ ಹೆಂಡತಿ ದೌಲತಬಿ "ಚುಪ್ ರೇ" ಅಂದರೆ ಕಿವಿ ಇಳಿಬಿಟ್ಟು ನಿಲ್ಲುತ್ತಿತ್ತು. ಅವಳು ಕೈಯಾರೆ ರೊಟ್ಟಿ ಮುರಿದು ಕೊಟ್ಟರಷ್ಟೇ ತಿನ್ನುತ್ತಿತ್ತು. ವಯಸ್ಸಾಗಿತ್ತು, ಮಂಗಳವಾರ ರೊಟ್ಟಿ ಬಿಟ್ಟ, ಬುಧವಾರ ಹೋದ.

ಇಸಾಕಸಾಬ ಬಾಳೆಹಣ್ಣಿನ ಗಾಡಿ ತಳ್ಳುವವನು. ಅವನಿಗೆ ಅಂಗೈಯಗಲ ಜಮೀನಿಲ್ಲ. ಆದರೆ ದೌಲತಬಿಯ ಅಣ್ಣನಿಗೆ ಐರಣಿಯಲ್ಲಿ ಹೊಳೆದಂಡೆಯ ಹೊಲವಿದೆ. ಅವನು ಫೋನಿನಲ್ಲೇ, "ನಮ್ಮ ಹೊಲದಾಗ ಮಣ್ಣ ಮಾಡೂನು, ತರ್ರಿ" ಅಂದಿದ್ದ. ಗುಂಡಿ ತೋಡಲು ಜೆಸಿಬಿ ಗೊತ್ತು ಮಾಡಿದ್ದರು. ಒಯ್ಯಲು ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ನಿಜಲಿಂಗಪ್ಪ ಬಂದ.

"ಇಸಾಕಸಾಬ್ರ, ಯಾರನ್ನ ಕೇಳಿ ಇದನ್ನೆಲ್ಲಾ ಮಾಡಾಕತ್ತೀರಿ?"

ಇಸಾಕಸಾಬ ಗಾಬರಿಯಾಗಿ ಎದ್ದು ನಿಂತ. "ಯಾರನ್ನ ಕೇಳಬೇಕಾಗಿತ್ರಿ ಸಾವುಕಾರ್ರ?"

"ಪಂಚಾಯತಿ ಎದಕ್ಕೈತಿ? ನಾ ಎದಕ್ಕ ಅದೀನಿ?" ಎಂದು ಬಗಲಿನಿಂದ ಪುಸ್ತಕ ತೆಗೆದ. "ನೋಡ್ರಿ ಇಲ್ಲಿ. ಊರಿನ್ಯಾಗ ಸತ್ತ ಪ್ರಾಣಿ ಪಂಚಾಯತಿ ಜವಾಬ್ದಾರಿ. ಕಡ್ಡಾಯ! ಸರದಾರನಂಥಾ ಸರದಾರನ್ನ ನೀವು ಕದ್ದು ಒಯ್ದಂಗ ಐರಣಿಗೆ ಒಯ್ತೀರೇನು? ಊರ ಮರ್ಯಾದಿ ಏನಾಗಬೇಕು?"

"ನಮ್ಮ ಭಾವನ ಹೊಲ..."

"ಹೊಲ ಬಿಡ್ರಿ. ಗಾಡಿ ಪಂಚಾಯತೀದ, ಜೆಸಿಬಿ ಪಂಚಾಯತೀದ, ಜಾಗಾ ಪಂಚಾಯತೀದ. ಅಧ್ಯಕ್ಷರು ಹಾರ ಹಾಕ್ತಾರ. ಮೆರವಣಿಗಿ ಆಗ್ತೈತಿ. ನೀವು ಕೈ ಕಟ್ಟಿ ಕುಂದ್ರ್ರಿ, ಸಾಕು."

ಅವನು ಅಲ್ಲಿಯೇ ನಿಂತು ಆರೋಗ್ಯ ನಿರೀಕ್ಷಕ ಕಲ್ಲೇಶನಿಗೆ ಫೋನು ಹಚ್ಚಿದ್ದನ್ನು, ಸುದ್ದಿ ಕೇಳಿ ಅಂಗಡಿ ಬಿಟ್ಟು ಬಂದಿದ್ದ ನಾನೇ ನೋಡಿದ್ದೇನೆ. ಕಲ್ಲೇಶ ಅತ್ತಲಿಂದ ಹೇಳಿದ್ದಿಷ್ಟು: "ಆತ್ರಿ, ಮೂರು ಗಂಟೆಕ್ಕ ಗಾಡಿ ಕಳಸ್ತೀನಿ." ನಿಜಲಿಂಗಪ್ಪ ಫೋನು ಇಟ್ಟು ನೆರೆದವರಿಗೆ ಹೇಳಿದ್ದು: "ಮೂರು ಗಂಟೆಕ್ಕ ಪಂಚಾಯತಿ ರಥ ಬರತೈತಿ."

ಟ್ರ್ಯಾಕ್ಟರಿನ ಬಾಳೆಕಂಬ ಬಿಚ್ಚಿದರು. ಜೆಸಿಬಿಯವನು ಕುಮಾರಪಟ್ಟಣದ ಕಡೆ ಬೇರೆ ಕೆಲಸಕ್ಕೆ ಹೋದ. ಐರಣಿಯ ಭಾವನಿಗೆ, ಬೇಡ, ಇಲ್ಲೇ ಆಗುತ್ತದೆ ಎಂದು ತಿಳಿಸಿದರು. ಅವನು ಸ್ವಲ್ಪ ಮುನಿಸಿಕೊಂಡು, ಹಾಗಾದರೆ ಭತ್ತದ ನಾಟಿಯಾದರೂ ಆಗಲಿ ಎಂದು ಹೊಲಕ್ಕೆ ನೀರು ಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಇಸಾಕಸಾಬನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಭಿಮಾನಿ ಬಳಗದವರು ಫ್ಲೆಕ್ಸ್ ಕಟ್ಟಿದರು. ರಾಣೆಬೆನ್ನೂರಿನಿಂದ ಮೂರು ಟೆಂಪೋ, ಬ್ಯಾಡಗಿಯಿಂದ ತಾಳ ಬಾರಿಸುವ ಜಾಂಜ್ ಮೇಳ ಬಂದವು. ಸರದಾರನ ಕಾಲಿಗೆ ಸಿಕ್ಕು ಕೈ ಮುರಿದುಕೊಂಡಿದ್ದ ಹಾವೇರಿಯ ಒಬ್ಬ ಪೈಲವಾನ ಹಾರ ತಂದು, ಅದೇ ಕೈಯಿಂದ ಹಾಕಿ, ಬಿಕ್ಕಿ ಬಿಕ್ಕಿ ಅತ್ತ. ನಿಜಲಿಂಗಪ್ಪ ಯಾರದೋ ಮೈಕು ಇಸಿದುಕೊಂಡು ಹತ್ತು ನಿಮಿಷಕ್ಕೊಮ್ಮೆ ಹೇಳುತ್ತಿದ್ದ: "ಶಾಂತ ರೀತಿಯಿಂದ ಸಹಕರಿಸಬೇಕು. ಪಂಚಾಯತಿ ತನ್ನ ಕಡ್ಡಾಯ ಕರ್ತವ್ಯ ಮಾಡಾಕ ಹೊರಟೈತಿ."

ಮೂರು ಗಂಟೆಗೆ ಸರಿಯಾಗಿ ಓಣಿಯ ತುದಿಯಿಂದ ಹಾಡು ಕೇಳಿಸಿತು. ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ದಿನಾ ಬೆಳಿಗ್ಗೆ ನಾವೆಲ್ಲ ಕೇಳುವ ಹಾಡು.

ಜನ ದಾರಿ ಬಿಟ್ಟರು. ಕಸದ ಟಿಪ್ಪರು ಬಂದು ಸರದಾರನ ಕಾಲ ಬಳಿ ನಿಂತಿತು. ಅರ್ಧ ಗಾಡಿ ಸಂತೆಯ ಕೊಳೆತ ಟೊಮೆಟೊ. ಅದರ ಮೇಲೆ ಹಗ್ಗ ಮತ್ತು ಕೊಕ್ಕೆ. ಚಾಲಕ ಮೈಲಾರಲಿಂಗ ಇಳಿದು, "ಎಲ್ಲೈತ್ರಿ ದನ?" ಎಂದು ಕೇಳುತ್ತ ಮುಂದೆ ಬಂದವನು ಫ್ಲೆಕ್ಸ್ ನೋಡಿದ, ಹಾರ ನೋಡಿದ, ಆಮೇಲೆ ಕೆಳಗೆ ನೋಡಿದ. "ಯಪ್ಪಾ, ಸರದಾರ!" ಎಂದು ಓಡಿಹೋಗಿ ಮೊದಲು ಹಾಡು ಬಂದ್ ಮಾಡಿದ. "ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರೆಪಾ. ವಾರ್ಡ್ ಏಳರಾಗ ದನ ಸತ್ತೈತಿ, ಹೇರಿಕೊಂಡು ಬಾ ಅಂದ್ರು. ನನಗೇನ ಗೊತ್ತು!"

ಸರದಾರನ ತಲೆಯ ಬಳಿ ಕುಳಿತಿದ್ದ ದೌಲತಬಿ ಕೇಳಿದಳು. "ಎಲ್ಲಿಗೆ ಒಯ್ತೀಯಪ್ಪಾ?"

ಮೈಲಾರಲಿಂಗ ಗಾಡಿಯ ಮೇಲಿನ ಕೊಕ್ಕೆಯನ್ನು ಟೊಮೆಟೊ ಕೆಳಗೆ ಸರಿಸಿದ. ಊರಾಚೆ ಕಸದ ಗುಡ್ಡೆ ಇರುವುದು, ಅಲ್ಲಿ ನಾಯಿಗಳಿರುವುದು ಎಲ್ಲರಿಗೂ ಗೊತ್ತು.

ಎಲ್ಲರೂ ನಿಜಲಿಂಗಪ್ಪನ ಕಡೆ ತಿರುಗಿದರು. ಪೈಲವಾನ ಅಂಗಿಯ ತೋಳು ಮೇಲೇರಿಸಿದ. ಆದರೆ ಇಸಾಕಸಾಬ ಅವನನ್ನು ತಡೆದು ನಿಧಾನಕ್ಕೆ ಅಂದ, "ಸಾವುಕಾರ್ರ, ನೀವು ಹೇಳಿದ್ರಿ ಅಂತ ಜೆಸಿಬಿ ತಿರುಗಿ ಕಳಿಸಿದ್ನೆಲ್ರಿ." ಬೈದಿದ್ದರೆ ನಿಜಲಿಂಗಪ್ಪ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. "ಒಂದ ತಾಸು ಕೊಡ್ರಿ" ಎಂದು ನನ್ನ ರಟ್ಟೆ ಹಿಡಿದು ಎಳೆದ.

"ನನ್ನನ್ನ ಯಾಕ ಎಳೀತೀಯೋ ಮಾರಾಯಾ?"

"ಜೆರಾಕ್ಸ್ ಮಾಡಿದಾಂವ ನೀನ. ಸಾಕ್ಷಿ ಹೇಳು ಬಾ."

ಐರಣಿಗೆ ಫೋನು ಹಚ್ಚಿದೆವು. ಹೊಲದಲ್ಲಿ ಮೊಣಕಾಲು ಮಟ ನೀರು. ರುದ್ರಭೂಮಿಯ ಹಿರಿಯರನ್ನು ಕೇಳಿದೆವು. "ಹೋರಿ ಬಸವಣ್ಣನ ಸಮ, ನಮ್ಮ ಅಡ್ಡಿ ಇಲ್ಲ, ಆದರ ಸಾಬರ ಮನ್ಯಾಗ ಬೆಳದೈತಿ" ಅಂದರು. ಖಬರಸ್ಥಾನದ ಹಿರಿಯರು, "ಇಸಾಕ ನಮ್ಮಾಂವ, ಅಡ್ಡಿ ಇಲ್ಲ, ಆದರ ಅದು ಜಾನವಾರ" ಅಂದರು. ಅಡ್ಡಿ ಯಾರದೂ ಇರಲಿಲ್ಲ. ಜಾಗ ಮಾತ್ರ ಸಿಗಲಿಲ್ಲ. ಉಳಿದದ್ದು ಪಂಚಾಯತಿ ಕಚೇರಿ.

ಮುಖ್ಯಾಧಿಕಾರಿ ಸುನೀಲಕುಮಾರ ಮಂಡ್ಯದ ಕಡೆಯವರು. ಬಂದು ನಾಲ್ಕು ತಿಂಗಳಾಗಿತ್ತು. ಅಧ್ಯಕ್ಷೆ ನಿರ್ಮಲಾ ಅವರ ಕುರ್ಚಿಯಲ್ಲಿ ಎಂದಿನಂತೆ ಅವರ ಗಂಡ ಮೈಲೇಶ ಕುಳಿತಿದ್ದ. ಅಧ್ಯಕ್ಷರು ಮನೆಯಲ್ಲಿ ಅಡಿಗೆಯ ಕರ್ತವ್ಯ ಮಾಡುತ್ತಿದ್ದರು. ಗಂಡ ಇಲ್ಲಿ ಅವರ ಅಧಿಕಾರ ನೋಡಿಕೊಳ್ಳುತ್ತಿದ್ದ. ಕಲ್ಲೇಶ ಒಂದು ಫೈಲು ಹಿಡಿದು ಬಾಗಿಲ ಬಳಿ ನಿಂತಿದ್ದ.

"ಸಾಹೇಬ್ರ, ಇದು ಕಡ್ಡಾಯ ಐತ್ರಿ!" ಎಂದು ನಿಜಲಿಂಗಪ್ಪ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿದ.

ಸುನೀಲಕುಮಾರರು ಓದಿದರು. "ಸರಿಯಾಗೇ ಇದೆಯಲ್ರೀ. ಕಳೇಬರ ಸಾಗ್ಸೋದು ಕಡ್ಡಾಯ. ಅದ್ಕೇ ಗಾಡಿ ಕಳ್ಸಿದೀವಿ. ನಮ್ ಕರ್ತವ್ಯ ನಾವ್ ಮಾಡಿದ್ವಿ."

"ಕಸದ ಗಾಡಿ ಕಳಿಸೀರಿ!"

"ಇರೋದೇ ಅದೊಂದು ಗಾಡಿ ಕಣ್ರೀ. ನನ್ ಜೀಪಲ್ಲಿ ಕೂರಿಸ್ಕೊಂಡ್ ಹೋಗ್ಲಾ?"

"ಹಂಗಾದ್ರ ಗಾರ್ಡನ್ನಿಗೆ ಬಿಟ್ಟ ಜಾಗಾ ಕೊಡ್ರಿ. ಅಲ್ಲಿ ಗಿಡಾನೂ ಇಲ್ಲ, ಮಂದೀನೂ ಇಲ್ಲ. ಸರದಾರನಾದ್ರೂ ಇರ್ತಾನ."

"ಉದ್ಯಾನವನದ ಜಾಗ ಬೇರೆ ಉದ್ದೇಶಕ್ಕೆ ಬಳಸ್ಬೇಕಂದ್ರೆ ಸಾಮಾನ್ಯ ಸಭೇಲಿ ಠರಾವು ಆಗ್ಬೇಕು. ಸಭೆಗೆ ಏಳು ದಿನದ ನೋಟಿಸು."

"ಏಳು ದಿನ ಹೋರಿ ಹೆಂಗ ಇರತೈತ್ರಿ?"

"ಅದ್ನೇ ಹೇಳಾಕತ್ತೇನ್ರಿ ಸಾಹೇಬ್ರ" ಎಂದು ಕಲ್ಲೇಶ ಬಾಯಿ ಹಾಕಿದ. "ಆರು ಗಂಟೆ ಒಳಗ ಎತ್ತಿಸಬೇಕು. ಮಂದಿ ಆರೋಗ್ಯದ ಪ್ರಶ್ನೆ. ಎತ್ತಲಿಲ್ಲಂದ್ರ ನನಗ ನೋಟಿಸು ಬರತೈತಿ."

ಮೈಲೇಶ ಹಲ್ಲುಕಡ್ಡಿ ಬದಲಿಸಿದ. "ನಿಜಲಿಂಗಪ್ಪಾ, ಇವತ್ತು ನಿನ್ನ ಹೋರಿಗೆ ಜಾಗಾ ಕೊಟ್ರ ನಾಳಿಗೆ ಎಲ್ಲಾ ವಾರ್ಡಿನವರೂ ತಮ್ಮ ತಮ್ಮ ಎಮ್ಮಿ ತರ್ತಾರ. ಅಧ್ಯಕ್ಷರು ಒಪ್ಪಂಗಿಲ್ಲ."

"ಅಧ್ಯಕ್ಷರನ್ನ ಒಂದ ಮಾತು ಕೇಳ್ರೆಲಾ!"

"ನಾನ ಹೇಳಾಕತ್ತೇನಲ್ಲ."

"ಸರ್, ನಾನೂ ಒಬ್ಬ ಸದಸ್ಯ ಅದೀನ್ರಿ. ನನ್ನ ಅಧಿಕಾರದಾಗ ಒಂದ ಹೋರಿ ಹುಗಿಯೋವಷ್ಟು ಜಾಗಾ ಬರೂದಿಲ್ಲೇನು?"

ಸುನೀಲಕುಮಾರರಿಗೂ ಈಗ ಕನಿಕರ ಬಂದಿರಬೇಕು. ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಅವನ ಕೈಗಿಟ್ಟರು. "ಬೇಜಾರ್ ಮಾಡ್ಕೋಬೇಡಿ. ಈ ಪುಸ್ತಕದಲ್ಲಿರೋ ಅಧಿಕಾರ ಪಂಚಾಯ್ತಿದು. ನಿಮ್ದಲ್ಲ. ನನ್ದೂ ಅಲ್ಲ."

ನಾವು ಹೊರಗೆ ಬಂದೆವು. ಮೆಟ್ಟಿಲ ಮೇಲೆ ನಿಜಲಿಂಗಪ್ಪ ಕುಸಿದು ಕುಳಿತ. "ನಾ ಹೆಂಗ ಮಾರಿ ತೋರಸ್ಲೋ ದೋಸ್ತ? ಆ ಮುದುಕ ತನ್ನಷ್ಟಕ್ಕ ತಾನು ಐರಣಿಗೆ ಒಯ್ತಿದ್ದ. ನಾನ ಹಾಳ ಮಾಡಿದೆ." ಅವನ ಕಣ್ಣಲ್ಲಿ ನೀರು ಬಂದಿತ್ತು. ಬೈಯಬೇಕೆಂದು ನಾನು ದಾರಿಯುದ್ದಕ್ಕೂ ಒಳ್ಳೊಳ್ಳೆ ಮಾತು ಜೋಡಿಸಿಕೊಂಡಿದ್ದೆ, ಎಲ್ಲ ದಂಡವಾದವು.

ತಿರುಗಿ ಓಣಿಗೆ ಬಂದಾಗ ಐದೂವರೆ. ಮೈಲಾರಲಿಂಗ ಟಿಪ್ಪರನ್ನು ದೂರ ನಿಲ್ಲಿಸಿ ತಾನೂ ಜನರಲ್ಲಿ ಸೇರಿಕೊಂಡಿದ್ದ. ಕಲ್ಲೇಶ ನಮ್ಮ ಬೆನ್ನಿಗೇ ಬಂದು ಗಡಿಯಾರ ನೋಡುತ್ತ ನಿಂತ. ನಿಜಲಿಂಗಪ್ಪ ಇಸಾಕಸಾಬನ ಮುಂದೆ ಕೈ ಮುಗಿದ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ನಿಜಲಿಂಗಪ್ಪನ ಹೆಂಡತಿ ಶಾರದವ್ವ ಬಂದಳು. ಸೀರೆಯ ನೆರಿಗೆಗೆಲ್ಲ ಕೆಂಪು ಮಣ್ಣು. ಬೆಳಗಿನಿಂದ ಅವಳು ಊರ ಅಂಚಿನ ತಮ್ಮ ಸೈಟಿನಲ್ಲಿದ್ದಳು. ಹತ್ತೊಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, ಹೊಲಿಗೆ ಯಂತ್ರ ತುಳಿದು ತುಳಿದು ಅವಳೇ ಕೊಂಡ ಸೈಟು. ಎಂಟು ದಿನಕ್ಕೊಮ್ಮೆ ನಳದಲ್ಲಿ ನೀರು ಬರುವ ಊರು, ಹಾಗಾಗಿ ಇಲ್ಲಿ ಮನೆಗಿಂತ ಮೊದಲು ನೆಲದಡಿ ನೀರಿನ ಟಾಕಿ ಕಟ್ಟಿಸುತ್ತಾರೆ. ಟಾಕಿಯ ಗುಂಡಿ ಅಂದು ಮಧ್ಯಾಹ್ನವಷ್ಟೇ ತೋಡಿ ಮುಗಿದಿತ್ತು. ಸುದ್ದಿ ಅವಳಿಗೆ ಅಲ್ಲಿಯೇ ಮುಟ್ಟಿತ್ತು.

"ಏನಂದ್ರು ನಿಮ್ಮ ಪಂಚಾಯತ್ಯಾಗ?" ಎಂದು ಗಂಡನನ್ನು ಕೇಳಿದಳು.

"ಆಗೂದಿಲ್ಲಂತ."

"ನೀವು ಇವರಿಗೆ ಏನ ಹೇಳಿದ್ರಿ?"

"ಆಗತೈತಿ ಅಂತ."

ಶಾರದವ್ವ ಒಂದು ಗಳಿಗೆ ಸರದಾರನನ್ನು ನೋಡಿದಳು. ದೌಲತಬಿಯನ್ನು ನೋಡಿದಳು. ಆಮೇಲೆ ಗಂಡನಿಗಲ್ಲ, ಇಸಾಕಸಾಬನಿಗೆ ಹೇಳಿದಳು. "ಅಣ್ಣಾರ, ನಮ್ಮ ಸೈಟಿನ್ಯಾಗ ಗುಂಡಿ ತೋಡಿ ಇಟ್ಟೈತಿ. ಅಗಲಾನೂ ಐತಿ, ಆಳಾನೂ ಐತಿ. ಲಗೂ ಎತ್ತ್ರಿ, ಹೊತ್ತು ಮುಳುಗತೈತಿ."

"ಏ, ಟಾಕಿ ಗುಂಡಿ ಐತಿ ಅದು!" ಎಂದ ನಿಜಲಿಂಗಪ್ಪ. ಮೂರ್ಖ, ಅಷ್ಟು ಹೊತ್ತಿನಲ್ಲೂ.

"ಸೈಟು ಯಾರ ಹೆಸರಿಗೈತಿ?"

"ನಿನ್ನ ಹೆಸರಿಗೆ."

"ಮತ್ತ ಸುಮ್ಕ ನಿಂದ್ರ್ರಿ."

ಇಸಾಕಸಾಬ ಎರಡೂ ಕೈ ಅಡ್ಡ ಹಿಡಿದ. "ಅಕ್ಕಾರ, ಬ್ಯಾಡ್ರಿ. ನಿಮ್ಮ ಮನೀ...?"

"ಮನೀನ ಮ್ಯಾಲೆ ಕಟ್ಟಿದ್ರಾತು. ಅವ ತೆಳಗ ತನ್ನಷ್ಟಕ್ಕ ತಾನು ಇರ್ತಾನ."

ಮಣ್ಣು ಮಾಡಿದ ಜಾಗದ ಮೇಲೆ ನಮ್ಮ ಕಡೆ ಯಾರೂ ಮನೆ ಕಟ್ಟುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಶಾರದವ್ವನಿಗೂ ಗೊತ್ತು. ಮಣ್ಣಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೌಲತಬಿಯ ಕೈ ಹಿಡಿದು ಎಬ್ಬಿಸಿದಳು. "ಏಳವಾ ತಂಗಿ, ನಡೀ."

ಟ್ರ್ಯಾಕ್ಟರಿಗೆ ಮತ್ತೆ ಬಾಳೆಕಂಬ ಕಟ್ಟಿದರು. ಜಾಂಜ್ ಬಾರಿಸಿದರು. ಪೈಲವಾನ ಮೊದಲಾಗಿ ಎಲ್ಲರೂ ಕೈಜೋಡಿಸಿದರು. ಕಲ್ಲೇಶ "ಊರ ಒಳಗ ಹುಗಿಯಾಕ ಪರವಾನಗಿ..." ಎಂದು ಶುರು ಮಾಡಿದವನು ಶಾರದವ್ವ ತಿರುಗಿ ನೋಡಿದ ಕೂಡಲೇ "ಅಂದ್ರ, ಉಪ್ಪು ಜಾಸ್ತಿ ಹಾಕ್ರಿ ಅಂದೆ" ಎಂದು ಮಾತು ಮುಗಿಸಿದ. ಇಸಾಕಸಾಬ ಕೊಬ್ಬರಿ ಮಾಲೆಯನ್ನು ಸರದಾರನ ಕೊರಳಲ್ಲೇ ಬಿಟ್ಟ. ದೌಲತಬಿ ಒಂದು ರೊಟ್ಟಿ ಮುರಿದು ಗುಂಡಿಗೆ ಹಾಕಿದಳು. ಹೊತ್ತು ಮುಳುಗುವ ಮುನ್ನ ಕೆಲಸ ಮುಗಿಯಿತು.

ಶಾರದವ್ವ ಮಾರನೆಯ ದಿನದಿಂದ ಗಂಡನೊಂದಿಗೆ ಆ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನು ನನ್ನ ಅಂಗಡಿಯಲ್ಲಿ ಕುಳಿತು ಹೇಳುತ್ತಿದ್ದ. ‘ಕಡ್ಡಾಯ’ ಎಂಬ ಮಾತು ಅವನ ಬಾಯಿಂದ ಬಿದ್ದೇ ಹೋಯಿತು. ಊರಿಗೆ ಸ್ವಲ್ಪ ಬೇಸರವೂ ಆಯಿತು.

ತಿಂಗಳ ಸಾಮಾನ್ಯ ಸಭೆ ಬಂತು. ವರದಿಗಳ ಜೆರಾಕ್ಸ್ ಕೊಡಲು ಹೋಗಿದ್ದ ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಗುಮಾಸ್ತ ಕರ್ತವ್ಯಗಳ ಮಾಸಿಕ ವರದಿ ಓದುತ್ತಿದ್ದ. "ಸತ್ತ ನಾಯಿ ಮೂರು, ಹಂದಿ ಎರಡು, ದನ ಒಂದು. ಎಲ್ಲವನ್ನೂ ಪಟ್ಟಣ ಪಂಚಾಯತಿ ವತಿಯಿಂದ ವಿಲೇವಾರಿ ಮಾಡಲಾಗಿದೆ."

ನಿಜಲಿಂಗಪ್ಪ ಎದ್ದು ನಿಂತ. ಸದಸ್ಯನಾದ ಮೇಲೆ ಸಭೆಯಲ್ಲಿ ಅವನು ಎದ್ದದ್ದು ಅದೇ ಮೊದಲು.

"ದನ ಅಲ್ರಿ ಅದು. ಸರದಾರ."

"ಹೆಸರಿಗೆ ಕಾಲಂ ಇಲ್ಲ ಕಣ್ರೀ" ಅಂದರು ಸುನೀಲಕುಮಾರರು.

"ಕಾಲಂ ಇಲ್ಲಂದ್ರ ಷರಾದಾಗ ಬರೀರಿ. ಪಂಚಾಯತಿ ವಿಲೇವಾರಿ ಮಾಡಿಲ್ಲ, ಅದನ್ನ ಹೊಡದ ಹಾಕ್ರಿ."

"ಕುಂದ್ರೊ ನಿಜಲಿಂಗಪ್ಪಾ, ನಿನಗ ಮತ ಇಲ್ಲ" ಅಂದ ಮೈಲೇಶ.

"ನಾ ಎಲ್ಲಿ ಮತ ಹಾಕೇನಿ? ನಿಂತೀನಿ, ಅಷ್ಟ."

ನಿಂತೇ ಇದ್ದ. ಮುಂದಿನ ವಿಷಯ ಓದಲು ಹೋದರೆ ಇವನು ನಡುವೆ ಕಂಬದಂತೆ. ಹದಿನೈದು ನಿಮಿಷವಾಯಿತು, ಇಪ್ಪತ್ತಾಯಿತು. ಸುನೀಲಕುಮಾರರು ಕಾಯ್ದೆ ತೆಗೆದು ನಾಮನಿರ್ದೇಶಿತ ಸದಸ್ಯನನ್ನು ಕೂರಿಸುವ ಅಧಿಕಾರ ಯಾರಿಗಿದೆ ಎಂದು ಹುಡುಕಿದರು. ಸಿಗಲಿಲ್ಲ. ಅವತ್ತು ಕಡ್ಡಾಯವಾಗಿ ಸಹಿ ಹಾಕಲು ಬಂದಿದ್ದ ಅಧ್ಯಕ್ಷೆ ನಿರ್ಮಲಾ ಅವರು ಇದ್ದಕ್ಕಿದ್ದಂತೆ ಬಾಯಿ ತೆರೆದರು. "ಬರ್ಕೊಡ್ರಿ ಅತ್ಲಾಗ. ಖರೇ ಮಾತನ್ನ ಹೇಳಾಕತ್ತಾರ." ಮೈಲೇಶ ಹೆಂಡತಿಯನ್ನು ಹೊಸಬಳನ್ನು ನೋಡಿದಂತೆ ನೋಡಿದ. ಗುಮಾಸ್ತ ಬರೆದ: ‘ಷರಾ: ಹೆಸರು ಸರದಾರ. ಮಾಲೀಕರು ಇಸಾಕಸಾಬ. ಹನ್ನೊಂದು ವರ್ಷ ಸೋಲು ಕಂಡಿಲ್ಲ. ಖಾಸಗಿ ಜಾಗದಲ್ಲಿ ಮಣ್ಣು ಮಾಡಲಾಗಿದೆ.’

ಆ ಪುಟದ ನಕಲನ್ನು ನಾನು ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟೆ. ಇಸಾಕಸಾಬ ಎರಡು ಸಲ ಓದಿದ. ದೌಲತಬಿಗೆ ಓದು ಬರುವುದಿಲ್ಲ, ಆದ್ದರಿಂದ ಮೂರನೆಯ ಸಲ ಗಟ್ಟಿಯಾಗಿ ಓದಿದ. ‘ಸೋಲು ಕಂಡಿಲ್ಲ’ ಎಂಬಲ್ಲಿ ನಿಂತು ಆ ಸಾಲನ್ನು ಮತ್ತೊಮ್ಮೆ ಓದಿದ. ಆಮೇಲೆ ನಿಜಲಿಂಗಪ್ಪನನ್ನು ತಬ್ಬಿಕೊಂಡ.

ನಿಜಲಿಂಗಪ್ಪ ಎದೆ ಉಬ್ಬಿಸಿಕೊಂಡು ಮನೆಗೆ ಹೋದ. ನಾನೂ ಹಿಂದೆಯೇ ಹೋದೆ, ನೋಡದೆ ಇರಲಾಗುತ್ತದೆಯೇ? ಶಾರದವ್ವ ಹೊಲಿಗೆ ಯಂತ್ರದ ಮುಂದಿದ್ದಳು. ಕಾಗದವನ್ನು ಕೈಗೆ ಕೊಟ್ಟ. ಅವಳು ಯಂತ್ರ ನಿಲ್ಲಿಸಿ, ಕಣ್ಣಿನ ಹತ್ತಿರ ಹಿಡಿದು, ನಿಧಾನಕ್ಕೆ ಓದಿದಳು.

"ಖಾಸಗಿ ಜಾಗಾ ಅಂತ ಬರದಾರ."

"ಹೂಂ. ನಾನ ಬರಸಿದ್ದು."

"ಯಾರ ಜಾಗಾ?"

ನಿಜಲಿಂಗಪ್ಪ ಕಾಗದ ಇಸಿದುಕೊಂಡು ಓದಿದ. ತಿರುಗಿಸಿ ಹಿಂದಿನ ಖಾಲಿ ಬದಿಯನ್ನೂ ನೋಡಿದ. ನನ್ನ ಮುಖ ನೋಡಿದ. ನಾನು ಮಾಡಿದ್ದು ಜೆರಾಕ್ಸ್ ಮಾತ್ರ.

ಶಾರದವ್ವ ಯಂತ್ರದ ಗಾಲಿಯ ಮೇಲೆ ಕೈ ಇಟ್ಟಳು.

"ಮುಂದಿನ ತಿಂಗಳ ಹೋಗಿ ಮತ್ತ ನಿಂದ್ರ್ರಿ."